ಅಣ್ಣನ ಅಂಗೈಗೆ ಲಿಂಗವಿಟ್ಟ ಪಾದ್ರಿ

ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ, ಹಳೇ ಸಾಮಾನಿನ ಸಾಲಿನೊಳಗೆ ಮಿಲಿಟರಿ ಕ್ಯಾನ್ವಾಸ್ ಚೀಲವೊಂದು ಬಿದ್ದಿತ್ತು. ಗಿಡದ ಕುಂಡ ಕೊಳ್ಳಲು ಹೋದವಳು ಸುಮ್ಮನೆ ಎತ್ತಿ ನೋಡಿದೆ. ಬೂಟ್ ಪಾಲಿಷ್, ಬೆವರು, ನೆಂದು ಒಣಗಿದ ದಪ್ಪ ಬಟ್ಟೆ... ಆ ವಾಸನೆ ಮೂಗಿಗೆ ಹತ್ತಿದ್ದೇ ತಡ, ಅಂಥದ್ದೇ ಚೀಲ ಹೆಗಲಿಗೆ ಹಾಕಿಕೊಂಡು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ ಪಾದ್ರಿ ಕಣ್ಣ ಮುಂದೆ ಬಂದರು. ಇಪ್ಪತ್ತೈದು ವರ್ಷದ ಮೇಲಾಯಿತು. ನನ್ನ ಸಿಟ್ಟು ಇನ್ನೂ ಆರಿಲ್ಲ.

ಅವರು ಸೇನೆಯ ಪಾದ್ರಿ. ಅಣ್ಣನ ದಳದಲ್ಲಿದ್ದ ಕ್ರೈಸ್ತ ಸೈನಿಕರಿಗೆ ಪ್ರಾರ್ಥನೆ ನಡೆಸುವುದು ಅವರ ಕೆಲಸ. ಗಡಿಯಲ್ಲಿ ಯುದ್ಧ ಶುರುವಾದಾಗ ಹುಡುಗರ ಜೊತೆ ಅವರೂ ಬೆಟ್ಟ ಹತ್ತಿದ್ದರು, ಬಂದೂಕಿಲ್ಲದೆ. ಅಣ್ಣನ ಕಾಗದಗಳಲ್ಲಿ ಅವರ ವಿಷಯ ಇರುತ್ತಿತ್ತು. ತಿರುನೆಲ್ವೇಲಿ ಕಡೆಯವರಂತೆ. ಅಣ್ಣ ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಸ್ವಲ್ಪ ದೂರದಲ್ಲಿ ಕೂತು ನೋಡುತ್ತಿದ್ದರಂತೆ. ಎಡಗೈಯಲ್ಲೇ ಯಾಕೆ ಇಟ್ಟುಕೊಳ್ಳುವುದು, ಸತ್ತಾಗ ಏನು ಮಾಡುತ್ತೀರಿ ಎಂದೆಲ್ಲ ಕೇಳಿ ತಿಳಿದುಕೊಂಡಿದ್ದರಂತೆ.

ಅಣ್ಣನ ಪೆಟ್ಟಿಗೆಯ ಜೊತೆ ಬಂದವರೂ ಅವರೇ.

ನಮ್ಮದು ಚಿತ್ರದುರ್ಗದಿಂದ ಬಂದು ಮೂರು ತಲೆಮಾರಿನಿಂದ ಇಲ್ಲಿ ತಮಿಳು ಸೀಮೆಯಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದ ಲಿಂಗಾಯತರ ಮನೆ. ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪ ಹೇಳಿದ್ದೇ ಮಾತು. ಪೆಟ್ಟಿಗೆ ತೆರೆದಾಗ ಅಣ್ಣನ ಎಡಗೈ ಮುಷ್ಟಿಗೆ ಬ್ಯಾಂಡೇಜು ಬಿಗಿಯಾಗಿ ಸುತ್ತಿತ್ತು. ಗಾಯವೆಂದುಕೊಂಡು ಅವ್ವ ಅದನ್ನೇ ಸವರುತ್ತಿದ್ದಳು. ಪಾದ್ರಿ ಅವಳ ಪಕ್ಕ ನೆಲದ ಮೇಲೆ ಕೂತು ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ಗುಂಡು ತಗುಲಿದ ಮೇಲೂ ಎರಡು ತಾಸು ಜೀವವಿತ್ತು. ಕೊರಳಲ್ಲಿದ್ದ ಕರಡಿಗೆಯನ್ನು ತಡಕಾಡುತ್ತಿದ್ದ, ಬೆರಳು ಏಳುತ್ತಿರಲಿಲ್ಲ. ಇವರು ಕರಡಿಗೆ ಬಿಚ್ಚಿ, ಲಿಂಗ ತೆಗೆದು ಅವನ ಅಂಗೈಯಲ್ಲಿಟ್ಟು, ಕೆಳಗೆ ತಮ್ಮ ಕೈ ಕೊಟ್ಟು ಹಿಡಿದಿದ್ದರು. ಅವನ ತುಟಿ ನಿಂತಾಗ ಶಿವನ ಹೆಸರನ್ನು ಅವನ ಕಿವಿಯಲ್ಲಿ ತಾವೇ ಹೇಳಿದ್ದರು. ಲಿಂಗದ ಜೊತೆಗೇ ಮಣ್ಣಾಗಬೇಕೆಂದು ಅಣ್ಣ ಹಿಂದೊಮ್ಮೆ ಹೇಳಿದ್ದು ನೆನಪಿತ್ತು. ದಾರಿಯಲ್ಲಿ ಎಲ್ಲಿ ಬಿದ್ದುಹೋಗುತ್ತದೋ ಎಂದು ಮುಷ್ಟಿ ಕಟ್ಟಿದ್ದರು.

ಅವ್ವ ಅವರ ಎರಡೂ ಕೈ ಹಿಡಿದು ಹಣೆಗೊತ್ತಿಕೊಂಡಳು. ಬಾಗಿಲ ಬಳಿ ನಿಂತಿದ್ದ ದೊಡ್ಡಪ್ಪ ತಮಿಳಿನಲ್ಲೇ ಕೇಳಿದ: "ಅದೆಲ್ಲ ಇರಲಿ. ಸಾಯುವ ಹುಡುಗನಿಗೆ ನೀರು ಹಾಕಿದಿರಾ ಇಲ್ಲವಾ, ಅದನ್ನ ಹೇಳಿ."

"ಕುಡಿಯೋಕೆ ಕೇಳಿದ. ಕೊಟ್ಟೆ," ಎಂದರು ಪಾದ್ರಿ.

ಅಷ್ಟೇ ಸಾಕಾಯಿತು. ನೀರು ಹಾಕಿ ಕ್ರೈಸ್ತನನ್ನಾಗಿಸಿ ಹುಡುಗನ ಜಾತಿ ಕೆಡಿಸಿಬಿಟ್ಟ ಎಂದು ನೆಂಟರ ನಡುವೆ ಗುಜುಗುಜು ಎದ್ದಿತು. ಪಾದ್ರಿಯನ್ನು ರುದ್ರಭೂಮಿಯ ಗೇಟಿನ ಆಚೆಗೇ ನಿಲ್ಲಿಸಿದರು. ಮೂರು ದಿನ ಪ್ರಯಾಣ ಮಾಡಿ ಬಂದ ಮನುಷ್ಯನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟವರಿಲ್ಲ. ದೊಡ್ಡಪ್ಪನ ಸ್ವಂತ ಕರಡಿಗೆ ಅಂಗಡಿಯ ಬೀರುವಿನಲ್ಲಿ ಇರುತ್ತಿತ್ತು. ಅವನು ಪೂಜೆಗೆ ಕೂತದ್ದನ್ನು ನಾನು ಒಂದು ದಿನವೂ ಕಂಡವಳಲ್ಲ. ಅಂಥವನು ಧರ್ಮದ ಮಾತಾಡಿದ!

ಪಾದ್ರಿ ಮರುದಿನವೇ ಬೆಟ್ಟಕ್ಕೆ ಮರಳಿದರು. ವಾರದೊಳಗೆ ದೊಡ್ಡಪ್ಪ, ಪಾದ್ರಿ ಸಾಯುವ ಹುಡುಗನನ್ನು ಮತಾಂತರ ಮಾಡಿದನೆಂದು ಸೇನೆಯವರಿಗೆ ದೂರು ಕಳಿಸಲು ಹೊರಟ. ಮನೆಯಲ್ಲಿ ಇಂಗ್ಲಿಷ್ ಬರೆಯಲು ಬರುತ್ತಿದ್ದವಳು ಕಾಲೇಜಿಗೆ ಹೋಗುತ್ತಿದ್ದ ನಾನೊಬ್ಬಳೇ. ಅಡುಗೆಮನೆಯಿಂದ ಅವ್ವ ಬ್ಯಾಡ ಬ್ಯಾಡ ಅನ್ನುತ್ತಲೇ ಇದ್ದಳು... ನಾನು ಕೂತು ಬರೆದೆ. ಒಂದೂ ತಪ್ಪಿಲ್ಲದೆ, ದುಂಡಗೆ.

ಅಣ್ಣನ ಜೊತೆಗಾರನೊಬ್ಬ ರಜೆಯಲ್ಲಿ ಮನೆಗೆ ಬಂದಾಗಲೇ ಮುಂದಿನದು ತಿಳಿದದ್ದು. ಪಾದ್ರಿಯನ್ನು ವಿಚಾರಣೆಗೆಂದು ಕೆಳಗೆ ಕರೆಸಿಕೊಂಡರಂತೆ. ತಪ್ಪೇನೂ ಕಾಣಲಿಲ್ಲವಂತೆ. ಆದರೂ ಯುದ್ಧ ಮುಗಿದ ಮೇಲೆ ಅವರು ಕೆಲಸ ಬಿಟ್ಟು, ಪಲ್ಲಾವರಂನ ಒಂದು ಗಲ್ಲಿಯಲ್ಲಿ ತಂಗಿಯ ಮನೆಗೆ ಬಂದಿದ್ದರು. ನಮ್ಮ ಮನೆಯಿಂದ ಎರಡು ಬಸ್ ಸ್ಟಾಪು. ಅಷ್ಟು ದೂರ ಹೋಗಲು ನನಗೆ ಏಳು ವರ್ಷ ಹಿಡಿಯಿತು.

ದೂರು ಬರೆದವಳು ನಾನೇ ಎಂದು ಹೇಳಿದೆ. ಸಮಾಧಾನದ ಮಾತು ಹೇಳುತ್ತಾರೆಂದು ಒಳಗೊಳಗೇ ಕಾದಿದ್ದೆ, ಪಾದ್ರಿಯಲ್ಲವೇ. ಅವರು ಹೇಳಿದ್ದು ಇಷ್ಟು: "ನನ್ನನ್ನ ಕೂರಿಸಿ ಕೇಳಿದ್ದು ಹದಿನೆಂಟು ದಿನ, ಅಮ್ಮ. ಅಷ್ಟರಲ್ಲಿ ಬೆಟ್ಟದ ಮೇಲೆ ನಾಲ್ಕು ಹುಡುಗರು ತೀರಿಹೋದರು. ಅವರ ಕೈ ಯಾರು ಹಿಡಿದರೋ ನನಗೆ ಗೊತ್ತಿಲ್ಲ."

ದನಿ ಏರಲಿಲ್ಲ. ಆದರೂ ಅದು ಸಿಟ್ಟು ಎಂದು ನನಗೆ ತಿಳಿಯಿತು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಹೇಳಬೇಕಿತ್ತು ಎನ್ನಲು ನನಗೇನು ಹಕ್ಕಿದೆ?

ಹೋದ ವರ್ಷ ಅವರು ತೀರಿಕೊಂಡರು. ನನಗೆ ಗೊತ್ತಾಗುವಷ್ಟರಲ್ಲಿ ಮಣ್ಣು ಮಾಡಿ ತಿಂಗಳಾಗಿತ್ತು.

ಮೊನ್ನೆ ಅಣ್ಣಾ ನಗರದಲ್ಲಿ ನೆಂಟರ ಮನೆಯ ನಾಮಕರಣ. ಊಟಕ್ಕೆ ಕೂತಾಗ ದೊಡ್ಡಪ್ಪನ ಮಗ, ಯುದ್ಧದಲ್ಲಿ ಸತ್ತ ನಮ್ಮಣ್ಣನನ್ನು ಪಾದ್ರಿಯೊಬ್ಬ ಕೊನೆಗಳಿಗೆಯಲ್ಲಿ ಮತಾಂತರ ಮಾಡಿದ ಕತೆ ತೆಗೆದ. ಎಲೆಯ ಮುಂದಿನಿಂದ ಎದ್ದು ನಿಂತೆ. ಆದದ್ದೆಲ್ಲ ಹೇಳಿದೆ: ಕರಡಿಗೆ, ಬ್ಯಾಂಡೇಜು, ನೀರು, ಅವ್ವ ಬ್ಯಾಡ ಅಂದದ್ದು, ನನ್ನ ಅಕ್ಷರದ ದೂರು. "ಹಳೇದೆಲ್ಲ ಈಗ್ಯಾಕಕ್ಕ, ಕೂತ್ಕೊ, ಪಾಯಸ ಬಡಿಸ್ತಾರೆ," ಎಂದ ಅವನು.

ಆಟೋದಲ್ಲಿ ಬರುವಾಗ ಜೊತೆಗಿದ್ದ ಮಗಳು ತಮಿಳಿನಲ್ಲಿ ಕೇಳಿದಳು: "ಅಜ್ಜಿ ಬೇಡ ಅಂದಿದ್ದರಲ್ಲಮ್ಮ, ನೀನ್ಯಾಕೆ ಬರೆದೆ?"

ದೊಡ್ಡಪ್ಪ ಬರಿ ಅಂದ, ಬರೆದೆ ಎಂದೆ. ಅವಳು ಮುಖ ತಿರುಗಿಸಿಕೊಂಡು ರಸ್ತೆ ನೋಡತೊಡಗಿದಳು.