ಶಿವಾನಿಯ ಫೋಟೋ ಮರಳಿಸಿದ ನಾಗರತ್ನಕ್ಕ

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಬೇಕು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಪದಗಳೂ ತಪ್ಪಿರಬಹುದು. ನಮ್ಮ ಹೂಲಿಯ ಗ್ರಂಥಾಲಯದ ಗೋಡೆ ಪತ್ರಿಕೆಗೆ, ಮೆಚ್ಚಿದವರೊಬ್ಬರ ಬಗ್ಗೆ ಬರೆಯಿರಿ ಎಂದರು. ಎದ್ದು ನಿಂತು ಹೇಳು ಎಂದಿದ್ದರೆ ನನ್ನಿಂದ ಆಗುತ್ತಿರಲಿಲ್ಲ.

ನಾನು ಮೆಚ್ಚಿದವರು ನಾಗರತ್ನಕ್ಕ. ಸವದತ್ತಿಯಲ್ಲಿ ವಧು-ವರ ಕೇಂದ್ರ ನಡೆಸುತ್ತಾರೆ. ಒಂದು ಕೋಣೆ, ಒಂದು ಕಂಪ್ಯೂಟರ್, ಗೋಡೆಯ ತುಂಬ ಹುಡುಗ ಹುಡುಗಿಯರ ಫೋಟೋ. ಬೈಲಹೊಂಗಲ, ಕಿತ್ತೂರಿನಿಂದಲೂ ಜನ ಬರುತ್ತಾರೆ. ದೂರದವರಿಗೆ ಅನುಕೂಲವಾಗಲಿ ಎಂದು ತಾವೇ ಕಲಿತು ವೆಬ್‌ಸೈಟ್ ಮಾಡಿದ್ದಾರೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ: ಫೋಟೋ, ಓದು, ಮನೆತನ, ತಂದೆಯ ಫೋನ್ ನಂಬರು.

ಅವರದೊಂದು ಪದ್ಧತಿ ಇದೆ. ಹುಡುಗಿಗೆ ಗಂಡು ಗೊತ್ತಾದರೆ, ಇಲ್ಲವೆ ಮನೆಯವರು ಸದ್ಯ ಬೇಡ ಎಂದರೆ, ಗೋಡೆಯ ಫೋಟೋ ತೆಗೆದುಕೊಂಡು ತಾವೇ ಆ ಮನೆಗೆ ಹೋಗುತ್ತಾರೆ. ತಾಯಿಗೆ ಅರಿಷಿಣ ಕುಂಕುಮ ಹಚ್ಚಿ, ಉಡಿ ತುಂಬಿ, ಆಮೇಲೆ ಫೋಟೋ ಕೊಡುತ್ತಾರೆ. ಹಾಗೆ ಉಡಿ ತುಂಬಿದರೆ ನಮ್ಮ ಕಡೆ ಮಾತು ಕೊಟ್ಟಂತೆ.

ನನ್ನ ಅಕ್ಕ ಶಿವಾನಿಯ ಫೋಟೋ ಹೀಗೆಯೇ ಮನೆಗೆ ಬಂತು. (ಅಕ್ಕನನ್ನು ಕೇಳಿಯೇ ಹೆಸರು ಬರೆದಿದ್ದೇನೆ.) ಅವಳ ಪಿಯುಸಿ ಮುಗಿದಾಗ ಅಪ್ಪ ನಿಜಗುಣಪ್ಪ ಕೇಂದ್ರಕ್ಕೆ ವಿವರ ಕೊಟ್ಟಿದ್ದ. ಆಮೇಲೆ ಬೆಳಗಾವಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಅಕ್ಕ ಅತ್ತು ಕೇಳಿದಳು. "ಓದು ಮುಗಿಯೂತನಕಾ ತಡೀತೇನಿ," ಎಂದು ಅಪ್ಪ ಒಪ್ಪಿದ. ನಾಗರತ್ನಕ್ಕ ಬಂದು ಅವ್ವನಿಗೆ ಉಡಿ ತುಂಬಿದರು. "ವೆಬ್‌ಸೈಟಿನಾಗಿಂದೂ ತಗದೇನ್ರಿ. ಇನ್ನ ನಿಮ್ಮ ಮಗಳ ಮಾರಿ ಎಲ್ಲೂ ಇಲ್ಲ."

ಆದರೆ ವರನ ಕಡೆಯವರ ಫೋನ್ ನಿಲ್ಲಲಿಲ್ಲ. ಕಟಕೋಳದ ಕಾಡಪ್ಪ ಎಂಬುವರು ಮಗ ಭೀಮಶಿಗಾಗಿ ಮೇಲಿಂದ ಮೇಲೆ ಕೇಳತೊಡಗಿದರು. ಅಪ್ಪನ ಮನಸ್ಸು ಅಲುಗಾಡಿತು. "ನೀರಾವರಿ ಹೊಲ ಐತಂತ. ತಾವಾಗೇ ಕೇಳಾಕ ಬಂದವರಿಗೆ ಹೆಂಗ ಬ್ಯಾಡ ಅನ್ನೂದು?" ಹೀಗೇ ಫೋನ್ ಬರುತ್ತಿದ್ದರೆ ತನ್ನ ಓದು ಹೋಯಿತು ಎಂದು ಅಕ್ಕ ನಾಗರತ್ನಕ್ಕನಿಗೆ ಫೋನ್ ಮಾಡಿ ಹೇಳಿದಳು.

ಅವರು ಮಧ್ಯಾಹ್ನದ ಬಸ್ಸಿಗೇ ಬಂದರು. ಅವರು ಕುಳಿತಿದ್ದಾಗಲೇ ಫೋನ್ ಬಂತು. ಅಪ್ಪನನ್ನು ಕೇಳಿ ತಾವೇ ಎತ್ತಿದರು.

"ಕಟಕೋಳದಿಂದ ಕಾಡಪ್ಪರಿ. ಬೀಗರು ಅದಾರೇನ್ರಿ?"

"ಆಗಲೇ ಬೀಗರಾದ್ರೇನ್ರಿ? ಅಕ್ಕಿಕಾಳು ಹಾಕೂತನಕರ ತಡೀರ್ರಿ!" ನಾಗರತ್ನಕ್ಕ ನಕ್ಕರು. "ನಾ ವಧು-ವರ ಕೇಂದ್ರದಾಕಿ. ಹುಡುಗಿ ಫೋಟೋ ಎಲ್ಲಿ ನೋಡಿದ್ರಿ?"

"ನಮ್ಮ ಭೀಮಶಿ ಮೊಬೈಲ್‌ನಾಗ ಹುಡುಕಿದನ್ರಿ. ನಿಮ್ಮ ಪುಟ ತೆರೀಲಿಲ್ಲ. ಬಾಜೂಕ ಹಳೇ ಪ್ರತಿ ಇತ್ತು, ಅದನ್ನ ಒತ್ತಿದ. ಪೂರಾ ಬಂತ್ರಿ, ನಂಬರ್ ಸಮೇತ."

ನಾಗರತ್ನಕ್ಕ ನಗು ನಿಲ್ಲಿಸಿ, ಆಮೇಲೆ ಮಾಡುತ್ತೇನೆ ಎಂದು ಫೋನ್ ಇಟ್ಟರು. ಮೊಬೈಲಿನಲ್ಲಿ ಹುಡುಕಿಕೊಡುವ ಸರ್ಚ್ ಎಂಜಿನ್ ಎಲ್ಲ ವೆಬ್‌ಸೈಟುಗಳ ಪುಟಗಳನ್ನು ಓದುತ್ತ ತನ್ನ ಬಳಿಯೂ ಒಂದೊಂದು ಪ್ರತಿ ಇಟ್ಟುಕೊಳ್ಳುತ್ತದಂತೆ. ಇವರು ಪುಟ ತೆಗೆದದ್ದಲ್ಲದೆ, ಇನ್ನೂ ಭದ್ರವಾಗಲಿ ಎಂದು ಸರ್ಚ್ ಎಂಜಿನ್ ಆ ಪುಟದ ಕಡೆಗೇ ಬಾರದಂತೆ ಬಾಗಿಲು ಹಾಕಿದ ಹಾಗೆಯೂ ಮಾಡಿದ್ದರು.

"ಗೋಡಿ ಮ್ಯಾಲಿನ ಫೋಟೋ ತಗದಂಗ ಅನಕೊಂಡೆ ನಾ," ಎಂದರು. "ಬಾಗಿಲಾ ಹಾಕೇನಿ, ಪುಟ ಹೋಗೇತಿ ಅಂತ ಅದಕ್ಕ ತಿಳೀವಲ್ದು. ಹಳೇದನ್ನ ಹಿಡಕೊಂಡ ಕುಂತೈತಿ. ಬಾಗಿಲಾ ತಗದು ಆ ಪುಟ ಮತ್ತ ಹಾಕಬೇಕ್ರಿ. ಹೆಸರಿಲ್ಲ, ಫೋಟೋ ಇಲ್ಲ. ಪ್ರತಿ ಇಟಗೋಬ್ಯಾಡ ಅಂತ ಒಳಗ ಒಂದು ಸಾಲು ಬರೀತೇನಿ. ಅದು ಬಂದು ಓದಿದ್ರನ ಹಳೇದನ್ನ ಬಿಡತೈತಿ."

"ಮತ್ತ ಹಾಕೂದಾದ್ರ ಫೋಟೋ ಸಮೇತನ ಹಾಕ್ರಿ," ಎಂದ ಅಪ್ಪ. "ದೇವರ ಇಚ್ಛಾನೂ ಹಂಗ ಇದ್ದೀತು."

"ಕಾಕಾರ, ಇದು ದೇವರದಲ್ರಿ, ನಂದ ತಪ್ಪು. ಓದಸ್ತೇನಿ ಅಂದ್ರಿ, ಅದಕ್ಕ ನಾ ಉಡಿ ತುಂಬೇನಿ. ಈಗ ಮಾತು ತಿರಗಸ್ತೀರೇನು?"

ಅಪ್ಪ ಅವ್ವನ ಕಡೆ ನೋಡಿದ. ಎಂದೂ ಎದುರಾಡದ ಅವ್ವ, "ಉಡಿ ತುಂಬಿಸ್ಕೊಂಡಾಕಿ ನಾನು. ಮಾತು ತಿರಗಸಾಕ ನಾ ಬಿಡಂಗಿಲ್ಲ," ಎಂದಳು. ಅಪ್ಪ ಟವೆಲ್ ಜಾಡಿಸಿ ಹೆಗಲಿಗೆ ಹಾಕಿಕೊಂಡ. "ಹಾಕ್ರಿ ನಿಮ್ಮ ಖಾಲಿ ಪುಟ."

ನಾಗರತ್ನಕ್ಕ ಕಾಡಪ್ಪನವರಿಗೂ ಮತ್ತೆ ಫೋನ್ ಮಾಡಿದರು. "ಹುಡುಗಿ ಓದಾಕ ಹೊಂಟಾಳ್ರಿ. ಭೀಮಶಿಗೆ ಬ್ಯಾರೆ ಕಡೆ ನೋಡೂಣು. ಮೊದಲ ಅವನ ಕೈಯಾಗಿನ ಮೊಬೈಲ್ ಕಸಗೋರ್ರಿ."

ಖಾಲಿ ಪುಟ ಹಾಕಿದ ಮೇಲೂ ಹಳೆಯ ಪ್ರತಿ ಕೂಡಲೇ ಹೋಗಲಿಲ್ಲ. ದಿನಾ ಬೆಳಿಗ್ಗೆ ನಾನೇ ಹುಡುಕಿ ನೋಡುತ್ತಿದ್ದೆ. ಅಕ್ಕ ಮೊಬೈಲ್ ನನ್ನ ಕೈಗೆ ಕೊಟ್ಟು ಆಚೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಆ ಪ್ರತಿಯೇ ಇರಲಿಲ್ಲ. ಫೋನ್‌ಗಳೂ ನಿಂತವು. ಅಕ್ಕ ಈಗ ಬೆಳಗಾವಿಯಲ್ಲಿ ಓದುತ್ತಿದ್ದಾಳೆ. ಬಸ್ ನಿಲ್ದಾಣಕ್ಕೆ ಟ್ರಂಕು ಹೊತ್ತು ಹೋದವನು ಅಪ್ಪನೇ.

ನಾಗರತ್ನಕ್ಕ ಅಲ್ಲಿಗೇ ಬಿಡಲಿಲ್ಲ. ಹಿಂದೆ ತೆಗೆದ ಪುಟಗಳನ್ನೂ ಹೀಗೆಯೇ ಖಾಲಿ ಮಾಡಿ ಮತ್ತೆ ಹಾಕಿ, ಉಳಿದ ಎಲ್ಲ ಪುಟಗಳಿಗೂ ಆ ಸಾಲು ಬರೆದರು. ಹಿಂದೆ ಫೋಟೋ ಮರಳಿಸಿದ ಮನೆಗಳಿಗೆಲ್ಲ ಮತ್ತೆ ಹೋಗಿ, ಎಲ್ಲೂ ಇಲ್ಲ ಎಂದು ತಾವು ಹೇಳಿದ್ದು ತಪ್ಪಾಗಿತ್ತು ಎಂದು ಹೇಳಿ ಬರುತ್ತಿದ್ದಾರೆ. ರಾಮದುರ್ಗದಲ್ಲಿ ಒಬ್ಬರು ಬೈದರಂತೆ. ಯಾರೂ ಕೇಳದಿದ್ದಾಗ ಯಾಕೆ ಹೋಗುತ್ತೀರಿ ಎಂದೆ. "ಉಡಿ ತುಂಬಿ ಸುಳ್ಳ ಹೇಳಿದಂಗಾಗಿತ್ತಲ್ಲವಾ," ಎಂದರು. ಇದನ್ನೇ ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು.

ಬೈಲಹೊಂಗಲ ಕಡೆಯ ಹುಡುಗಿಯರ ಹಳೆಯ ಪ್ರತಿಗಳು ಇನ್ನೂ ಉಳಿದಿವೆ. ಒಂದೊಂದನ್ನೂ ಹುಡುಕಿ ನೋಡಬೇಕು. ಸೋಮವಾರದಿಂದ ನಾನು ಸವದತ್ತಿಗೆ ಹೋಗಿ ಆ ಕೆಲಸ ಮಾಡುತ್ತೇನೆ.