ಬೋಗುಣಿಯ ಮೇಲಿನ ಕೆಂಡ

ತಂಗಳ ರೊಟ್ಟಿಯನ್ನು ನಮ್ಮ ಮನೆಯಲ್ಲಿ ಯಾರೂ ಎಸೆದದ್ದನ್ನು ನಾನು ಕಂಡಿಲ್ಲ. ಎಸೆದಿದ್ದರೆ ನನ್ನ ಅತ್ತೆ ಅವರನ್ನೇ ಹೊರಗೆ ಎಸೆಯುತ್ತಿದ್ದಳು. ಸಂಸ್ಥಾನ ಹೋಗಿ ಸರಕಾರ ಬಂದ ಹೊಸತು. ಜೋಳ ಕಂಟ್ರೋಲಿನ ರೇಷನ್ ಅಂಗಡಿಯಲ್ಲಿ ಸಿಗುತ್ತಿತ್ತು, ಅದರಲ್ಲಿ ಹುಳವೂ ಇರುತ್ತಿತ್ತು, ಮಣ್ಣೂ ಇರುತ್ತಿತ್ತು. ಆ ಜೋಳದ ರೊಟ್ಟಿ ಮುಂಜಾನೆ ರೊಟ್ಟಿ, ಸಂಜೆಗೆ ಕಟ್ಟಿಗೆ. ಗಂಡಸರು ಅದನ್ನು ಮುರಿದು ಸಾರಿನಲ್ಲಿ ನೆನೆಹಾಕಿಕೊಂಡು ಮುಖ ಕಿವುಚುತ್ತ ತಿನ್ನುತ್ತಿದ್ದರು.

ಗಾದಿ ಹೊಲಿಯಲು ನಮ್ಮ ಮನೆಗೆ ಬಂದಿದ್ದ ಪಿಂಜಾರರ ಮುದುಕಿ ಒಂದು ದಾರಿ ಹೇಳಿಕೊಟ್ಟಳು.

“ಒಲಿ ಮ್ಯಾಲ ಕುದಿಸಿದ್ರ ಅಂಬಲಿ ಆಗ್ತೈತಿ ಮಗಳ. ಕೆಳಗೂ ಕೆಂಡ ಇಡು, ಮ್ಯಾಲೂ ಕೆಂಡ ಇಡು. ಆಮ್ಯಾಲ ಬಾಯಿ ಮುಚ್ಚಿ ಸುಮ್ನ ಕುಂದ್ರು.”

“ಯಾರ ಬಾಯಿ ಆಯಿ, ಬೋಗುಣಿದೋ ನಂದೋ?”

“ಎರಡೂ ಮುಚ್ಚು. ನಿಂದ ಮೊದ್ಲ ಮುಚ್ಚು.”

ಹಾಗೆ ಶುರುವಾಯಿತು. ದೊಡ್ಡ ತಾಮ್ರದ ಬೋಗುಣಿಗೆ ತಳದಲ್ಲಿ ಕೈಗೆ ಹತ್ತುವಷ್ಟು ಎಣ್ಣೆ ಸವರಿ, ಮುರಿದ ರೊಟ್ಟಿ ಹಾಸಬೇಕು. ಅದರ ಮೇಲೆ ಗಟ್ಟಿ ಬೇಳೆ, ಪುಂಡಿಪಲ್ಯ, ಉಳ್ಳಾಗಡ್ಡಿ, ಗುರೆಳ್ಳು ಪುಡಿ. ಮತ್ತೆ ರೊಟ್ಟಿ, ಮತ್ತೆ ಬೇಳೆ. ಎಲ್ಲದರ ಮೇಲೆ ಹುಳಿ ಮಜ್ಜಿಗೆಯಲ್ಲಿ ಕಲಸಿದ ಕಡಲೆಹಿಟ್ಟು ಸುರಿದು, ಹಳೆಯ ಕಬ್ಬಿಣದ ಹಂಚು ಮುಚ್ಚಿ, ಹಂಚಿನ ತುಂಬ ಸಗಣಿ ಕುಳ್ಳಿನ ಕೆಂಡ ಹೇರಬೇಕು. ತೆಗೆದಾಗ ಮೇಲಿನ ಪದರ ಕೆಂಪಗೆ ಬಿರಿದಿರುತ್ತಿತ್ತು. ಅದಕ್ಕೆ ಮನೆಯಲ್ಲಿ ಜಗಳ. ಮಕ್ಕಳು ಬಿಡಿ, ದೊಡ್ಡವರೂ ತಾಟು ಮುಂದೆ ಮಾಡುತ್ತಿದ್ದರು. ಅತ್ತೆಗೆ ಕೆಂಪು ಪದರದ ಆಸೆ ಇರಲಿಲ್ಲ, ಹಲ್ಲು ಆಗಲೇ ಹೋಗಿದ್ದವು. ಏನೂ ಚೆಲ್ಲಲಿಲ್ಲ ಎಂಬುದೇ ಅವಳ ಸಮಾಧಾನ.

ರೊಟ್ಟಿ ಮುರಿಯುವುದು ನನ್ನ ನೆಗೆಣ್ಣಿಯ ಕೆಲಸ, ಮೈದುನನ ಹೆಂಡತಿ. ಮುಚ್ಚಂಡಿ ಊರಿನ ಹುಡುಗಿ. ಕೆಂಡದ ಕೆಲಸ ನನ್ನದು. ನಾನು ಮಾತಿನಲ್ಲಿ ಒರಟು, ಅವಳು ಮಾತು ನುಂಗುವವಳು. ಆದರೂ ಒಂದೇ ಒಲೆಯ ಮುಂದೆ ಕೂತು ನಾವಿಬ್ಬರೂ ನಕ್ಕಷ್ಟು ನಾನು ನನ್ನ ಒಡಹುಟ್ಟಿದವರ ಜೊತೆಗೂ ನಕ್ಕಿಲ್ಲ.

ಕೆಟ್ಟದ್ದು ಎತ್ತಿನಿಂದ. ಒಂದು ವರ್ಷ ಹಿಂಗಾರಿ ಬಿತ್ತನೆಯ ಹೊತ್ತಿಗೆ ಮೈದುನ ನಮ್ಮ ಜೋಡೆತ್ತನ್ನು ಮುಚ್ಚಂಡಿಗೆ, ಹೆಂಡತಿಯ ತವರಿನ ಹೊಲಕ್ಕೆ ಕೊಟ್ಟು ಬಂದ. ಎತ್ತು ತಿರುಗಿ ಬರುವುದರೊಳಗೆ ನಮ್ಮ ನೆಲದ ಹಸಿ ಆರಿ ಬಿತ್ತನೆ ತಪ್ಪಿತ್ತು. ನಮ್ಮ ಮನೆಯವರು ಅಂಗಳದಲ್ಲಿ ನಿಂತು ಬೈದರು, ತಮ್ಮ ತಿರುಗಿ ಬೈದ. ಅಲ್ಲಿಂದ ಅಣ್ಣತಮ್ಮಂದಿರ ಮಾತು ನಿಂತಿತು. ಒಂದೇ ಬೋಗುಣಿಯಿಂದ ಬಡಿಸಿದ್ದನ್ನು ಬೆನ್ನು ತಿರುಗಿಸಿ ಉಣ್ಣುತ್ತಿದ್ದರು. ಕೊನೆಗೆ ಹಿರಿಯರು ಬಂದು ಹೊಲ, ಎತ್ತು, ಮನೆ ಎಲ್ಲ ಎರಡು ಮಾಡಿಕೊಟ್ಟು ಹೋದರು. ಪಡಸಾಲೆಯ ಆಚೆ ಹೊಸ ಒಲೆ ಹೂಡಿದ್ದಾಯಿತು. ಬೆಂಕಿ ಒಂದು ಬಾಕಿ.

ನಮ್ಮಲ್ಲಿ ಬೇರೆಯಾದವರು ಹೊಸ ಒಲೆಗೆ ಕಡ್ಡಿ ಗೀರುವಂತಿಲ್ಲ. ಹಳೆಯ ಒಲೆಯ ಕೆಂಡವನ್ನೇ ಒಯ್ಯಬೇಕು, ಅತ್ತೆ ಇಲ್ಲವೆ ಹಿರಿಸೊಸೆ ಕೊಡಬೇಕು. ಅಡಿಗೆ ಬೇಯುವಾಗ ಅದರ ಬೆಂಕಿ ತೆಗೆಯಬಾರದು. ದೀಪ ಹಚ್ಚಿದ ಮೇಲಂತೂ ಯಾರೂ ಮನೆಯ ಬೆಂಕಿ ಹೊರಗೆ ಕೊಡುವುದಿಲ್ಲ.

ಕೆಂಡ ಒಯ್ಯಬೇಕಾದ ದಿನವೇ ನಾನು ಬೋಗುಣಿ ಇಟ್ಟೆ.

ನೆಗೆಣ್ಣಿ ಒಡೆದ ಗಡಿಗೆಯ ಚೂರು ಹಿಡಿದು ಕೆಂಡಕ್ಕೆ ಬಂದಳು. ಬೋಗುಣಿ ನೋಡಿದಳು, ನನ್ನ ಮುಖ ನೋಡಿದಳು.

“ಇನ್ನೂ ಬೆಂದಿಲ್ಲ, ತಡಿ” ಅಂದೆ.

“ಬೇಯ್ಲಿ ಅಕ್ಕಾ. ಚಲೋತ್ನಂಗ ಬೇಯ್ಲಿ.”

ಚೂರನ್ನು ಪಕ್ಕಕ್ಕಿಟ್ಟು ಕೂತಳು. ಹಂಚಿನ ಮೇಲೆ ಬೂದಿ ಕಟ್ಟಿದರೆ ನಾನು ಊದುತ್ತಿದ್ದೆ, ಕೆಂಡ ಕಡಿಮೆಯಾದರೆ ಅವಳೇ ಕುಳ್ಳು ಕೊಡುತ್ತಿದ್ದಳು. ಹೊರಗೆ ಕಟ್ಟೆಯ ಈ ತುದಿಗೆ ಅಣ್ಣ, ಆ ತುದಿಗೆ ತಮ್ಮ. ಇಬ್ಬರಿಗೂ ಹಸಿವು.

“ವೈನಿ, ಆತೇನ್ರಿ?” ಮೈದುನ ಕೂಗಿದ.

“ಇಲ್ಲಪಾ.”

“ಏನ್, ಕಲ್ಲ ಬೇಯ್ಸಾಕತ್ತೀಯೇನು?” ಇದು ನಮ್ಮ ಮನೆಯವರು.

“ಹೌದ್ರಿ, ನಿಮ್ಮ ಮನಿತನದ ತಲಿ ಬೇಯ್ಸಾಕತ್ತೀನಿ. ಲಗೂನ ಬೇಯಂಗಿಲ್ಲ ಅವು.”

ನೆಗೆಣ್ಣಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಹೊರಗೆ ತಮ್ಮನೂ ನಕ್ಕದ್ದು ಕೇಳಿಸಿತು. ಹೊತ್ತು ಇಳಿಯುತ್ತಿತ್ತು. ಆಮೇಲೆ ಅವನು ಯಾರ ಮುಖವನ್ನೂ ನೋಡದೆ ಅಂದ:

“ಬಿಳಿ ಎತ್ತ ಕುಂಟಾಕತ್ತೈತಿ.”

ಬಿಳಿ ಎತ್ತು ಆಗ ತಮ್ಮನ ಪಾಲಿನದು.

“ಯಾವ ಕಾಲು?” ನಮ್ಮ ಮನೆಯವರು ಕೇಳಿದರು.

“ಹಿಂದಿಂದು. ಗೊರಸಿನ್ಯಾಗ ಮುಳ್ಳ ಐತಿ ಕಾಣ್ತೈತಿ.”

“ಕಾಣ್ತೈತಿ ಅಂತ ಕುಂತ್ರ ಮುಳ್ಳ ತಾನ ಬರ್ತೈತೇನೋ? ಹಿಡಿ ಕಾಲ.”

ನಾವಿಬ್ಬರೂ ಬಾಗಿಲ ಸಂದಿಯಿಂದ ನೋಡಿದೆವು. ತಮ್ಮ ಎತ್ತಿನ ಕಾಲು ಎತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ, ಅಣ್ಣ ಬಗ್ಗಿ ಚಿಮಟಿಗೆ ಹಾಕಿದ್ದರು. ಎರಡು ತಲೆ ಕೂಡಿಕೊಂಡಿದ್ದವು. ನೆಗೆಣ್ಣಿ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು. ದೀಪ ಹಚ್ಚಲು ಇನ್ನು ತುಸುವೇ ಹೊತ್ತು. ಒಂದು ರಾತ್ರಿ ದಾಟಿದರೆ ಬೆಳಿಗ್ಗೆ ಯಾರಿಗೂ ಕೆಂಡ ಬೇಕಾಗುತ್ತಿರಲಿಲ್ಲ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಗುಡಿಗೆ ಹೋಗಿದ್ದ ಅತ್ತೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಳು. ಬಂದವಳೇ ಮೂಗು ಎತ್ತಿದಳು.

“ಒಳಗಿದ್ದವ್ರು ಸತ್ತೀರೇನ? ಬೋಗುಣಿ ಹೊತ್ತಾಕತ್ತೈತಿ!”

“ಇರ್ಲಿ ಬಿಡ್ರಿ ಅತ್ತಿ, ಒಂದ್ ಚೂರು...”

“ಇರ್ಲಿ ಅಂತೀ? ಉಣ್ಣೂ ಕೂಳ ಸುಡ್ತೀಯೇನ!”

ಅರಿವೆ ಸುತ್ತಿಕೊಳ್ಳದೆ ಬರಿಗೈಯಿಂದ ಹಂಚು ಎತ್ತಿದಳು. ಕೆಂಡವನ್ನು ಎಲ್ಲಿ ಸುರಿಯಬೇಕು ಎಂದು ಅತ್ತಿತ್ತ ನೋಡಿದಳು. ಪಕ್ಕದಲ್ಲೇ ಗಡಿಗೆಯ ಚೂರು ಇತ್ತು. ಅದರಲ್ಲಿ ಸುರಿದಳು.

“ತಗೊ, ಇದಕ್ಕಲ್ಲೇನು ಕುಂತಾಕಿ? ಒಯ್ಯಿ.”

ಒಯ್ಯಲೇಬೇಕಾಯಿತು. ನೆಗೆಣ್ಣಿ ಕೆಂಡ ಹಿಡಿದು ಅಂಗಳ ದಾಟುವಾಗ ಮೈದುನ ತಲೆ ಎತ್ತಿ ನೋಡಿದ. ಎತ್ತಿನ ಕಾಲು ಕೆಳಗೆ ಬಿಟ್ಟ, ಕೈ ಒರೆಸಿಕೊಂಡ, ಅವಳ ಹಿಂದೆ ಹೋದ. ಮುಳ್ಳು ಗೊರಸಿನಲ್ಲೇ ಉಳಿಯಿತು. ಚಿಮಟಿಗೆ ಹಿಡಿದುಕೊಂಡು ನಮ್ಮ ಮನೆಯವರು ಬಹಳ ಹೊತ್ತು ಎತ್ತಿನ ಪಕ್ಕ ನಿಂತಿದ್ದರು.

ಬೋಗುಣಿಯದನ್ನು ನಡುವೆ ಕೊಯ್ದು ಅರ್ಧ ಆಚೆ ಕಳಿಸಿದೆ. ತಳದ ಕರಕಲನ್ನು ಅತ್ತೆ ಚಮಚದಿಂದ ಕೆರೆದು, ನೀರು ಕುಡಿಯುತ್ತ ತಾನೊಬ್ಬಳೇ ತಿಂದಳು. ಅಂಗೈಯಲ್ಲಿ ಗುಳ್ಳೆ ಎದ್ದಿತ್ತು.

ಆಮೇಲೂ ಮಾಡುತ್ತಿದ್ದೆ. ಆದರೆ ನಮ್ಮ ಮನೆಯಷ್ಟಕ್ಕೆ ಆ ಬೋಗುಣಿ ದೊಡ್ಡದಾಯಿತು. ಹಾಸು ತೆಳ್ಳಗಾಗಿ, ಮೇಲೆ ಕೆಂಪಾಗುವುದರೊಳಗೆ ತಳ ಒಣಗುತ್ತಿತ್ತು. ಸಣ್ಣ ಪಾತ್ರೆಗೆ ಇಳಿದೆ. ಕೆಂಪು ಪದರಕ್ಕೆ ಯಾರೂ ತಾಟು ಮುಂದೆ ಮಾಡಲಿಲ್ಲ, ಎಲ್ಲರಿಗೂ ಸಾಕಾಗುವಷ್ಟಿತ್ತು. ಗೋಡೆಯ ಆಚೆಯಿಂದಲೂ ಅದೇ ವಾಸನೆ ಬರುತ್ತಿತ್ತು. ಗುರೆಳ್ಳು ಜಾಸ್ತಿಯಾಗಿದೆ ಎಂದು ಇಲ್ಲಿಂದಲೇ ನನಗೆ ತಿಳಿಯುತ್ತಿತ್ತು. ಹೇಳುವಂತಿರಲಿಲ್ಲ. ಗಂಡಂದಿರು ಮಾತಾಡದ ಮನೆಗಳಲ್ಲಿ ಹೆಂಗಸರು ಬಾವಿಯ ಹತ್ತಿರ ಕಣ್ಣಲ್ಲೇ ಮಾತಾಡಿ ಕೊಡ ಎತ್ತುತ್ತಾರೆ, ಅಷ್ಟೇ.

ಅತ್ತೆ ಒಂದು ತಿಂಗಳು ನಮ್ಮಲ್ಲಿ, ಒಂದು ತಿಂಗಳು ಅವರಲ್ಲಿ ಉಣ್ಣುತ್ತಿದ್ದಳು. ಕಣ್ಣು ಮಂಜಾದ ಕಾಲಕ್ಕೆ ಒಂದು ಸಂಜೆ, ತಾಟಿನಲ್ಲಿ ಕೈಯಾಡಿಸುತ್ತ ತಾನಾಗಿಯೇ ಅಂದಳು:

“ಅವತ್ತ ಆ ಬೋಗುಣಿ ಸುಡ್ಲಿ ಅಂತ ಬಿಡಬೇಕಿತ್ತು ನಾ.”

ಕೂಳು ಸುಡಲಿ ಎಂಬ ಮಾತು ಅವಳ ಬಾಯಲ್ಲಿ ಅದೇ ಮೊದಲು.

“ನಿಮ್ಮ ಕೈಲೆ ಆಗ್ತಿತ್ತೇನ್ರಿ ಅತ್ತಿ?” ಕೇಳಿದೆ.

ವಿಚಾರ ಮಾಡಿದಳು. ಸುಳ್ಳು ಹೇಳುವ ಹೆಂಗಸಲ್ಲ.

“ಎಲ್ಲಿದವ್ವಾ,” ಅಂದು, ತಾಟಿನ ಅಂಚಿಗೆ ಅಂಟಿದ್ದ ಅಗುಳನ್ನು ಹುಡುಕಿ ಬಾಯಿಗೆ ಹಾಕಿಕೊಂಡಳು.