ಗಂಡ ಅಂದರೋ, ಕಂಡ ಅಂದರೋ

ಕನಕಮ್ಮ ಕಿವುಡಿ, ಮೂಕಿಯಲ್ಲ. ಇಷ್ಟೂ ತಿಳಿಯದ ನಮ್ಮೂರಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನಿಜಾಮರ ಕೊನೆಯ ವರ್ಷಗಳ ಮಾತು. ದೇವದುರ್ಗದ ಕಡೆಯ ಒಂದು ಹಳ್ಳಿ. ಊರ ಹೊರಗಿನ ಕೇರಿಯಲ್ಲಿ ನಮ್ಮ ಗುಡಿಸಲಿನ ಪಕ್ಕವೇ ಕನಕಮ್ಮನದು. ಚಿಕ್ಕಂದಿನಲ್ಲಿ ಜ್ವರ ಬಂದು ಅವಳ ಕಿವಿ ಹೋಯಿತು. ಆಮೇಲೆ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದಳು. ಆದರೆ ತುಟಿ ಮೋಸ ಮಾಡುತ್ತದೆ. ಬಟ್ಟಿ ಅಂದರೂ ಪಟ್ಟಿ ಅಂದರೂ ಬಾಯಿ ಕೂಡುವುದು ಒಂದೇ ಥರ. ಸೂಲಗಿತ್ತಿ ಸರ್ವರಿ ಬೇಗಂ ಬಂದಾಗ ಯಾರಾದರೂ "ದಾಯಿ ಬಂದ್ಲು" ಅಂದರೆ, ತನ್ನ ತಾಯಿ ಬಂದಳೆಂದು ಈಕೆ ಓಡುತ್ತಿದ್ದಳು. ಜನ ಬಿದ್ದು ಬಿದ್ದು ನಗುತ್ತಿದ್ದರು. ನಗಲಿಕ್ಕೇನು, ಕಿವಿ ಇದ್ದವರು!

ಅವಳ ಅವ್ವ ಯಮನಮ್ಮ ಒಂದು ಉಪಾಯ ಕಲಿಸಿದಳು. ಮಾತಾಡುವವರ ಗಂಟಲಿಗೆ ಎರಡು ಬೆರಳು ಇಡಬೇಕು. ದಾಯಿ ಅಂದರೆ ಗಂಟಲು ಮೊದಲಿಗೇ ಗುಂಯ್ ಅನ್ನುತ್ತದೆ. ತಾಯಿ ಅಂದರೆ ತುಸು ತಡೆದು. ಕೇರಿಯವರೆಲ್ಲ ಅವಳಿಗೆ ಗಂಟಲು ಕೊಟ್ಟೇ ಮಾತಾಡುತ್ತಿದ್ದೆವು. ಊರೊಳಗೆ ಅದು ನಡೆಯುತ್ತಿರಲಿಲ್ಲ. ನಮ್ಮ ನೆರಳೇ ಮೈಲಿಗೆ, ಇನ್ನು ಬೆರಳು!

ಗೌಡನ ಹೊಲ ಕಾಯುವ ವೆಂಕಣ್ಣ ನಮ್ಮ ಕೇರಿಯವನೇ. ಮನೆಯಲ್ಲಿ ಹೆಂಡತಿಯಿದ್ದರೂ ಕನಕಮ್ಮನ ಮೇಲೆ ಕಣ್ಣು. ಒಂದು ದಿನ ಆಕೆ ಗೌಡನ ಬದುವಿನಲ್ಲಿ ಹುಲ್ಲು ಕೊಯ್ಯುವುದನ್ನು ನೋಡಿದ. ಮರುದಿನ ಚಾವಡಿಗೆ ಹೋಗಿ, "ಗೂಗಲ್ ಊರ ಗುಡಿ ಮುಂದ ಕನಕಮ್ಮಗ ತಾಳಿ ಕಟ್ಟೀನ್ರಿ. ಹರದು ಒಗದಾಳ, ಮನಿಗೆ ಬರವಲ್ಲಳು" ಎಂದು ಹಸಿಸುಳ್ಳು ಹೇಳಿದ.

ಅವ್ವ ಮಗಳನ್ನು ಪಂಚರ ಮುಂದೆ ಕರೆಸಿ, ಗೌಡ ಕಟ್ಟೆಯ ಮೇಲಿಂದ ಕನಕಮ್ಮನನ್ನು ಕೇಳಿದ: "ಇವ ನಿನ್ನ ಗಂಡ ಏನಬೇ?"

ಹುಲ್ಲಿನ ತಕರಾರಿಗೇ ಕರೆಸಿದ್ದಾರೆಂದು ಅವಳು ತಿಳಿದಿದ್ದಳು. ಅವಳ ಕಣ್ಣಿಗೆ ಬಿದ್ದದ್ದು "ಇವ ನಿನ್ನ ಕಂಡ ಏನಬೇ?" ಅವನು ನೋಡಿದ್ದು ನಿಜವೇ ಆಗಿತ್ತು, ಹೌದೆಂದು ತಲೆಯಾಡಿಸಿದಳು.

"ಒಪ್ಪಿದ್ಲು. ಕರಕೊಂಡು ನಡಿ" ಅಂದ ಗೌಡ.

ಯಮನಮ್ಮ ಎದೆ ಬಡಿದುಕೊಂಡಳು. ಮಗಳ ಬೆರಳನ್ನು ತನ್ನ ಗಂಟಲಿಗೆ ಒತ್ತಿಕೊಂಡು, "ಗಂಡ ಅಂದ್ರವ್ವಾ, ಗಂಡ!" ಎಂದು ಚೀರಿದಳು.

ಕನಕಮ್ಮನ ಮುಖ ಕೆಂಡವಾಯಿತು. "ಹುಲ್ಲು ಕೊಯ್ಯೋದು ಕಂಡ ಅಂತ ತಲಿ ಆಡಿಸೀನಿ. ಇವ ನನಗ ಯಾತರ ಗಂಡ?"

"ತಲಿ ಆಡಿಸಿದ ಮ್ಯಾಲ ಮುಗೀತು. ಕಿವುಡಿ ಮಾತು ಯಾರು ಕೇಳ್ತಾರ?" ಅಂದ ಗೌಡ.

ಅವಳು ಸರಸರ ಕಟ್ಟೆ ಹತ್ತಿದಳು. ಯಾರೂ ತಡೆಯಲಿಲ್ಲ, ತಡೆಯಲು ಅವಳನ್ನು ಮುಟ್ಟಬೇಕಲ್ಲ! ಗೌಡನ ಗಂಟಲಿಗೆ ಎರಡು ಬೆರಳಿಟ್ಟು ಕೂಗಿದಳು: "ಈಗ ಕೇಳ್ರಿ ಗೌಡ್ರ. ನನಗ ತಿಳಿಯೋ ಹಂಗ ಕೇಳ್ರಿ!"

ಗೌಡ ಬೆಚ್ಚಿ ಹಿಂದೆ ಸರಿದ. ಎದ್ದು ಸ್ನಾನಕ್ಕೆ ಓಡಿದ. "ಇಂಥಾಕಿ ನನಗ ಬ್ಯಾಡ್ರಿ" ಎಂದು ವೆಂಕಣ್ಣನೂ ಜಾರಿಕೊಂಡ. ಪಂಚರಿಗೆ ಆಮೇಲೆ ಕಂಡದ್ದು ಒಂದೇ ತಪ್ಪು, ಮೈಲಿಗೆ. ತಾಯಿ ಮಗಳಿಬ್ಬರನ್ನೂ ಊರು ಬಿಡಿಸಿದರು. ರಾಯಚೂರಿಗೆ ಹೋಗಿ ಹತ್ತಿ ಬಿಡಿಸುವ ಜಿನ್ನಿನ ಕಾರ್ಖಾನೆಯಲ್ಲಿ ದುಡಿದು ಬದುಕಿದರು.

ನಮ್ಮೂರಲ್ಲಿ ಅವಳ ಹೆಸರು ಈಗಲೂ "ಗೌಡನ ಗಂಟಲಿಗೆ ಕೈ ಹಾಕಿದಾಕಿ". ವೆಂಕಣ್ಣನನ್ನು ಮಾತ್ರ ಸುಳ್ಳ ಎಂದು ಯಾರೂ ಕರೆಯಲಿಲ್ಲ. ಸಾಯುವವರೆಗೆ ಅವನು ಗೌಡನ ಹೊಲ ಕಾದುಕೊಂಡೇ ಇದ್ದ.